ನಿಮ್ಮ ವರದಿಯ ‘ಬದಲಾದ ಸ್ವರೂಪ’ ನಾನೇ

ನಗರಸಭೆಯ ಸಂಚಾರ ಮತ್ತು ಸುರಕ್ಷತಾ ಸಮಿತಿಯ ಅಧ್ಯಕ್ಷರೇ,

ನಿಮ್ಮ ಸುಪರ್ದಿಯಲ್ಲಿರುವ ಫುಟ್‌ಪಾತಿನ ಮೇಲೆ ನನ್ನ ದವಡೆ ಮೂರು ಕಡೆ ಮುರಿಯಿತು. ಅದು ಕೂಡಿಕೊಳ್ಳುವ ಮೊದಲೇ ನೀವು ಪತ್ರಕರ್ತರನ್ನು ಕರೆದು, ಕಾಫಿ ಕೊಟ್ಟು, ನಮ್ಮ ಬಂದರು ಊರು ಹಿಂದೆಂದಿಗಿಂತ ಸುರಕ್ಷಿತವಾಗಿದೆ ಎಂದು ಘೋಷಿಸಿದಿರಿ. ನನ್ನ ದವಡೆಗೂ ನಿಮ್ಮ ಘೋಷಣೆಗೂ ಏನಾದರೂ ಸಂಬಂಧವಿದೆಯೇ ಎಂದು ವಿಚಾರಿಸಲು ಈ ಪತ್ರ. ಖಾಸಗಿಯಾಗಿ ಈಗಾಗಲೇ ಒಮ್ಮೆ ವಿಚಾರಿಸಿದ್ದೇನೆ. ಬಂದ ಉತ್ತರ ಎಂಥದೆಂದು ಮುಂದೆ ಹೇಳುತ್ತೇನೆ. ಅದನ್ನು ಓದಿದ ಮೇಲೆಯೇ, ಇನ್ನು ಮುಂದೆ ನಾವಿಬ್ಬರೂ ನಾಲ್ಕು ಜನರ ಎದುರಿಗೇ ಮಾತಾಡುವುದು ಒಳ್ಳೆಯದು ಅನ್ನಿಸಿದ್ದು.

ಆ ದಿನ ನೀವು ನಮ್ಮ ಆಸ್ಪತ್ರೆಯ ವಾರ್ಷಿಕ ವರದಿಯನ್ನು ಎತ್ತಿ ಹಿಡಿದು ಒಂದು ವಾಕ್ಯ ಓದಿದಿರಿ: ‘ಆಸ್ಪತ್ರೆಗೆ ಬರುವ ಮುಖದ ಗಾಯಗಳ ಸ್ವರೂಪ ಬದಲಾಗಿದೆ; ಹೊಡೆದಾಟದಲ್ಲಿ ಮೂಗು, ಕೆನ್ನೆ ಮುರಿದುಕೊಂಡು ಬರುವವರು ಅರ್ಧಕ್ಕೆ ಇಳಿದಿದ್ದಾರೆ.’ ಓದಿ, ವರದಿಯನ್ನು ಮಡಚಿ, ‘ನಮ್ಮ ನಗರ ಸಭ್ಯವಾಗುತ್ತಿದೆ’ ಎಂದಿರಿ. ಎಷ್ಟು ಚೆಂದದ ಮಾತು! ಆದರೆ ವರದಿ ಅಲ್ಲಿಗೆ ಮುಗಿದಿರಲಿಲ್ಲವಲ್ಲ ಮಹಾಶಯರೇ. ಅದೇ ಪುಟದಲ್ಲಿ, ಅದರ ಮರುವಾಕ್ಯದಲ್ಲಿ, ನಿಂತುಕೊಂಡು ಓಡಿಸುವ ಆ ಪುಟ್ಟ ಬಾಡಿಗೆ ವಿದ್ಯುತ್ ಸ್ಕೂಟರುಗಳಿಂದ ಬಿದ್ದವರು ಮತ್ತು ಅವುಗಳಿಗೆ ಎಡವಿ ಬಿದ್ದವರು, ಅದರಲ್ಲೂ ವಯಸ್ಸಾದವರು, ಆ ಖಾಲಿ ಹಾಸಿಗೆಗಳನ್ನು ತುಂಬಿ ಇನ್ನೂ ಹೆಚ್ಚಾಗಿದ್ದಾರೆ ಎಂದಿತ್ತು. ಅದನ್ನೇಕೆ ಓದಲಿಲ್ಲ? ಕನ್ನಡಕ ಮಂಜಾಯಿತೇ? ಕಾಫಿ ಆರುತ್ತಿತ್ತೇ?

ಇನ್ನು ಸಭ್ಯತೆಯ ವಿಷಯ. ಹಡಗು ತಯಾರಿಸುತ್ತಿದ್ದ ನಮ್ಮ ಹಡಗುಕಟ್ಟೆ ಮುಚ್ಚಿ ಬಹಳ ಕಾಲವಾಯಿತು. ಅದರ ಹಿಂದೆಯೇ ಅದರ ಸುತ್ತಲಿನ ಬಾರುಗಳೂ ಮುಚ್ಚಿದವು. ಶುಕ್ರವಾರ ಸಂಬಳ ಎಣಿಸಿ, ಶನಿವಾರ ಒಬ್ಬರ ಮೂಗಿಗೆ ಒಬ್ಬರು ಗುದ್ದಿಕೊಂಡು, ಭಾನುವಾರ ಒಟ್ಟಿಗೆ ಮೀನು ಹಿಡಿಯಲು ಹೋಗುತ್ತಿದ್ದ ಆ ತಲೆಮಾರು ಈಗ ಮಂಡಿನೋವಿನ ಮಾತ್ರೆ ನುಂಗುತ್ತಾ ಕೂತಿದೆ. ಅವರ ಮೊಮ್ಮಕ್ಕಳಿಗೆ ಜಗಳವಾಡಲು ಮನೆಯಿಂದ ಹೊರಗೆ ಬರುವ ಅಗತ್ಯವೇ ಇಲ್ಲ, ಎಲ್ಲವೂ ಮೊಬೈಲಿನಲ್ಲೇ ಆಗಿಹೋಗುತ್ತದೆ. ಇದರಲ್ಲಿ ನಿಮ್ಮ ಸಮಿತಿಯ ಸಾಧನೆ ಯಾವುದು? ಮುದುಕರಾದವರು ಗುದ್ದುವುದನ್ನು ಬಿಟ್ಟರು ಎಂಬುದಕ್ಕೆ ಹಾರ ಹಾಕಿಸಿಕೊಳ್ಳುವುದಾದರೆ, ಚಳಿಗಾಲ ಕಳೆದು ವಸಂತ ಬಂದದ್ದಕ್ಕೂ ಒಂದು ಪತ್ರಿಕಾಗೋಷ್ಠಿ ಕರೆಯಿರಿ.

ನನ್ನ ವಿಷಯ ಹೇಳುತ್ತೇನೆ. ನಾನು ದೋಣಿ ನಿಲ್ದಾಣದಲ್ಲಿ ಪ್ರಕಟಣೆ ಓದುತ್ತಿದ್ದವಳು. ಯಾವ ದೋಣಿ ಎಷ್ಟು ಹೊತ್ತಿಗೆ, ಯಾವ ಕಟ್ಟೆಯಿಂದ, ಗಾಳಿ ಜೋರಾಗಿರುವುದರಿಂದ ಎಷ್ಟು ತಡ ಎಂದು ಜೀವನವಿಡೀ ಹೇಳಿದೆ. ನಮ್ಮ ಡೇನಿಶ್ ಜನ ಅರ್ಧ ಅಕ್ಷರವನ್ನು ನುಂಗಿ, ಉಳಿದರ್ಧವನ್ನು ಬಾಯೊಳಗೇ ಅಗಿದು ಮಾತಾಡುವವರು. ನಾನು ಹಾಗಲ್ಲ. ಅದೇ ಕಾರಣಕ್ಕೆ ಮದುವೆಯಾದೆ. ನನ್ನ ಗಂಡ ಥೋರ್ಕಿಲ್ ಹಡಗುಕಟ್ಟೆಯಲ್ಲಿ ಉಕ್ಕಿನ ಹಾಳೆ ಬಡಿಯುತ್ತಿದ್ದ. ಆ ಕಾಲದಲ್ಲಿ ಕಿವಿಗೆ ಏನನ್ನೂ ಕೊಡುತ್ತಿರಲಿಲ್ಲ. ಮೂವತ್ತು ತುಂಬುವ ಮೊದಲೇ ಅವನ ಎರಡೂ ಕಿವಿ ಹೋದವು. ಯಂತ್ರ ಹಾಕಿದರೆ ಬರೀ ಗದ್ದಲ, ಮಾತಿಲ್ಲ. ಟಿಕೆಟ್ ಕೊಳ್ಳಲು ಬಂದವನು ಗಾಜಿನಾಚೆಯಿಂದ ನನ್ನ ಬಾಯನ್ನೇ ನೋಡುತ್ತಾ ನಿಂತಿದ್ದ. ನಾನು ರೇಗಿ ಕೇಳಿದೆ, “ಏನಯ್ಯಾ, ಹೆಂಗಸರ ಮುಖ ನೋಡಿಲ್ವಾ ಯಾವತ್ತೂ?”

“ನೋಡಿದೀನಿ,” ಅಂದ. “ಆದ್ರೆ ಈ ಊರಲ್ಲಿ ಬಾಯಿ ಪೂರ್ತಿ ತೆಗೆದು ಮಾತಾಡೋಳು ನೀನೊಬ್ಳೇ. ನೀನಂದಿದ್ದೆಲ್ಲ ಅರ್ಥ ಆಗ್ತಿದೆ. ಇನ್ನೊಂಚೂರು ಬೈಯಿ.”

ಅಂದಿನಿಂದ ಇಂದಿನವರೆಗೆ ಬೈಯುತ್ತಲೇ ಬಂದಿದ್ದೇನೆ. ಅವನು ನನ್ನ ತುಟಿ ನೋಡಿ ಕೇಳಿಸಿಕೊಳ್ಳುತ್ತಾ ಬಂದಿದ್ದಾನೆ. ಬೇರೆಯವರ ತುಟಿ ಅವನಿಗೆ ಅಷ್ಟಾಗಿ ತಿಳಿಯದು. ವೈದ್ಯರು, ನೆರೆಯವರು, ನಮ್ಮ ಮಗಳು ಏನೇ ಹೇಳಲಿ, ಅವನು ನನ್ನ ಕಡೆ ತಿರುಗುತ್ತಾನೆ. ನಾನು ಅದನ್ನೇ ಮತ್ತೆ ಹೇಳುತ್ತೇನೆ. ನಮ್ಮ ದಾಂಪತ್ಯವೆಂದರೆ ಇಷ್ಟೇ, ಇದಕ್ಕಿಂತ ದೊಡ್ಡದೇನಿಲ್ಲ.

ಮಾರ್ಚ್ ತಿಂಗಳ ಒಂದು ಮಂಗಳವಾರ ಬೆಳಿಗ್ಗೆ ನಾವಿಬ್ಬರೂ ಬೇಕರಿಯಿಂದ ಬರುತ್ತಿದ್ದೆವು. ನನ್ನ ಒಂದು ಕೈಯಲ್ಲಿ ಬನ್ನಿನ ಚೀಲ, ಇನ್ನೊಂದು ಅವನ ತೋಳಿನಲ್ಲಿ. ಮುಖ ಅವನ ಕಡೆ. ನಾನು ದಾರಿಯಲ್ಲಿ ಮಾತಾಡಬೇಕೆಂದರೆ ಮುಖವನ್ನು ಅವನ ಕಡೆಗೇ ತಿರುಗಿಸಿರಬೇಕು. ಇಷ್ಟು ವರ್ಷ ಹಾಗೆಯೇ ನಡೆದಿದ್ದೇವೆ. ಹಿಮದಲ್ಲಿ, ಮಳೆಯಲ್ಲಿ, ಮಗುವಿನ ಗಾಡಿ ತಳ್ಳುತ್ತಾ ನಡೆದಿದ್ದೇವೆ. ಆ ಫುಟ್‌ಪಾತಿನ ಒಂದೊಂದು ಕಲ್ಲೂ ನಮ್ಮ ಪಾದಕ್ಕೆ ಗೊತ್ತಿತ್ತು. ಎದುರು ಮನೆಯವರು ಹಾಕಿಸಿದ ಹೊಸ ಪರದೆಯ ಬಣ್ಣದ ಬಗ್ಗೆ ನನಗೊಂದು ಅಭಿಪ್ರಾಯವಿತ್ತು. ಅದನ್ನು ಹೇಳಲು ಶುರುಮಾಡಿದೆ. ಯಾರೋ ಬಾಡಿಗೆ ಮುಗಿಸಿ ಬಿಸಾಡಿ ಹೋಗಿದ್ದ ಸ್ಕೂಟರ್ ದಾರಿಗೆ ಅಡ್ಡ ಮಲಗಿತ್ತು. ಥೋರ್ಕಿಲ್ ಆಮೇಲೆ ಹೇಳಿದ ಹಾಗೆ, “ನೀನು ‘ಪರದೆ’ ಅಂದೆ. ಅಷ್ಟರಲ್ಲಿ ಮಾಯವಾದೆ.”

ಎರಡೂ ಕೈ ಕೆಲಸದಲ್ಲಿದ್ದವು, ನೆಲಕ್ಕೆ ಊರಲು ಒಂದೂ ಉಳಿದಿರಲಿಲ್ಲ. ಗಲ್ಲವೇ ಮೊದಲು ಹೋಗಿ ಆ ಸ್ಕೂಟರಿನ ಹಿಡಿಗೆ ಬಡಿಯಿತು. ನೋವು ಆಮೇಲೆ ಬಂತು. ಮೊದಲು ಬಂದದ್ದು ಸದ್ದು, ಒಳಗಿನಿಂದ ಕೇಳುವ ಸದ್ದು. ಬನ್ನುಗಳು ರಸ್ತೆಗೆ ಉರುಳಿದವು. ಥೋರ್ಕಿಲ್ ಮಂಡಿಯೂರಿ ನನ್ನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, “ಏನಂದೆ? ಏನಂದೆ? ಇನ್ನೊಂದ್ಸಲ ಹೇಳು!” ಎಂದು ಕೂಗುತ್ತಿದ್ದ. ನಾನು ಏನನ್ನೂ ಅನ್ನುತ್ತಿರಲಿಲ್ಲ, ರಕ್ತ ಉಗುಳುತ್ತಿದ್ದೆ.

ಆಸ್ಪತ್ರೆಯಲ್ಲಿ ನನ್ನನ್ನು ನೋಡಿದವರು ದವಡೆಯ ಶಸ್ತ್ರವೈದ್ಯೆ ಸೋಲ್ವಾಯ್. ಮಾತು ಚುರುಕು, ಕೈ ಅದಕ್ಕಿಂತ ಚುರುಕು. ಎಕ್ಸ್‌ರೇ ಹಿಡಿದು ನನಗೆ ತೋರಿಸಿದರು. ಗಲ್ಲದ ನಡುವೆ ಒಂದು ಮುರಿತ, ಎರಡು ಕಿವಿಗಳ ಮುಂದೆ ದವಡೆಯ ಕೀಲಿನಲ್ಲಿ ಒಂದೊಂದು.

“ಇದಕ್ಕೆ ಹಳೇ ಪುಸ್ತಕದಲ್ಲಿ ಕಾವಲು ಸೈನಿಕರ ಮುರಿತ ಅಂತ ಹೆಸರಿದೆ. ಕವಾಯತಿನಲ್ಲಿ ನಿಂತೂ ನಿಂತೂ ತಲೆಸುತ್ತಿ, ಕೈ ಊರದೆ ನೆಟ್ಟಗೆ ಬೀಳ್ತಾರಲ್ಲ, ಅವರಿಗೆ ಆಗೋದು. ನಾನು ಕಲಿಯೋವಾಗ ಇದನ್ನ ಚಿತ್ರದಲ್ಲಿ ಮಾತ್ರ ನೋಡಿದ್ದೆ. ಆಗೆಲ್ಲ ನಮಗೆ ಬರ್ತಿದ್ದೋರು ಕುಡುಕರು. ಎಲ್ಲಾ ಎಡಗೆನ್ನೆ, ಯಾಕಂದ್ರೆ ಹೊಡೆಯೋರು ಬಲಗೈಯವರು. ಈಗ ನೋಡಿ, ಹಾಡುಹಗಲೇ ಬರ್ತಾರೆ. ಒಂದೋ ಸ್ಕೂಟರ್ ಓಡಿಸಿದ ಹುಡುಗರು, ಇಲ್ಲಾ ಅದನ್ನ ಎಡವಿದ ನಿಮ್ಮಂಥೋರು. ಬನ್ನಿನ ಚೀಲ ಹಿಡ್ಕೊಂಡು ಬಂದೋರಲ್ಲಿ ನೀವೇ ಮೊದಲಲ್ಲ.”

ಪಕ್ಕದ ಹಾಸಿಗೆಯಲ್ಲಿ ಮಾಯ್ಕೆನ್ ಎಂಬ ನರ್ಸಿಂಗ್ ವಿದ್ಯಾರ್ಥಿನಿ ಇದ್ದಳು. ಸ್ಕೂಟರಿನಿಂದ ಹಾರಿ ಬಿದ್ದು ಮುಂದಿನ ಹಲ್ಲುಗಳನ್ನು ಕಳೆದುಕೊಂಡವಳು. ನಾನು ಹುಬ್ಬು ಗಂಟಿಕ್ಕಿ ನೋಡಿದ್ದಕ್ಕೆ, ಬಾಯಿಗೆ ಟವೆಲ್ ಒತ್ತಿಕೊಂಡೇ ತೊದಲಿದಳು: “ಹಾಗ್ ನೋಡ್ಬೇಡಿ ಅಜ್ಜಿ. ಕುಡಿದಿರ್ಲಿಲ್ಲ. ತರಗತಿಗೆ ಹೋಗ್ತಿದ್ದೆ. ಬಸ್ಸು ನಿಲ್ಲಿಸಿ ಈ ದರಿದ್ರ ಕೊಟ್ಟಿದಾರೆ. ಇದರ ಚಕ್ರ ನೋಡಿದೀರಾ? ಚೀಸ್ ಡಬ್ಬಿಯಷ್ಟಿದೆ. ಸಣ್ಣ ಗುಂಡಿ ಸಿಕ್ರೂ ಅದು ಅಲ್ಲೇ ನಿಲ್ಲುತ್ತೆ, ನಾವು ಮುಂದೆ ಹೋಗ್ತೀವಿ.”

ಅವಳ ಮೇಲಿದ್ದ ನನ್ನ ಸಿಟ್ಟು ಅಲ್ಲಿಗೆ ಇಳಿಯಿತು. ಎಲ್ಲಿ ಹೋಗಬೇಕಿತ್ತೋ ಅಲ್ಲಿಗೆ, ಎಂದರೆ ನಿಮ್ಮ ವಿಳಾಸಕ್ಕೆ, ಹೋಯಿತು. ಕಾಲೇಜಿಗೆ ಹೋಗುತ್ತಿದ್ದ ಬಸ್ಸನ್ನು ನಿಲ್ಲಿಸಿದ ಸಮಿತಿಯ ಅಧ್ಯಕ್ಷರು ಯಾರು? ಅದರ ಬದಲಿಗೆ ‘ಹಸಿರು ಸಂಚಾರ’ ಎಂದು ಈ ಆಟಿಕೆಗಳನ್ನು ನಡೆಯುವವರ ದಾರಿಯಲ್ಲಿ ಸುರಿಯಲು ಒಪ್ಪಿಗೆ ಕೊಟ್ಟವರು ಯಾರು? ಹಸಿರು ಎಂದರೆ ನನಗೂ ಇಷ್ಟವೇ. ನಡಿಗೆಗಿಂತ ಹಸಿರಾದ ಸಂಚಾರ ಯಾವುದಿದೆ? ಅದಕ್ಕೇ ತಾನೇ ನೀವು ಅಡ್ಡ ಹಾಕಿದ್ದು?

ನನ್ನ ದವಡೆಗೆ ಲೋಹದ ಪಟ್ಟಿ ಕೂರಿಸಿ, ಮೇಲಿನ ಹಲ್ಲಿಗೆ ಕೆಳಗಿನ ಹಲ್ಲನ್ನು ತಂತಿಯಲ್ಲಿ ಬಿಗಿದು ಮನೆಗೆ ಕಳಿಸಿದರು. ಸ್ಟ್ರಾದಲ್ಲಿ ಸೂಪು, ಸ್ಟ್ರಾದಲ್ಲಿ ಗಂಜಿ. ಒಮ್ಮೆ ನಮ್ಮ ಮಗಳು ಕಕ್ಕುಲಾತಿಯಿಂದ ಹೆರಿಂಗ್ ಮೀನನ್ನು ಮಿಕ್ಸಿಯಲ್ಲಿ ತಿರುವಿ ತಂದುಕೊಟ್ಟಳು, ಅದನ್ನು ನೆನೆಸಿಕೊಳ್ಳುವುದು ಬೇಡ. ಹಸಿವನ್ನು ತಡೆದುಕೊಳ್ಳಬಹುದಿತ್ತು. ಆದರೆ ನಮ್ಮ ಮನೆ ಮೌನವಾಯಿತು. ನನ್ನ ಪಾಲಿಗೆ ಬಾಯಿ ಮಾತ್ರ ಮುಚ್ಚಿತ್ತು. ಥೋರ್ಕಿಲ್‌ನ ಪಾಲಿಗೆ ಲೋಕವೇ ಮುಚ್ಚಿಕೊಂಡಿತ್ತು.

ಬರೆದು ತೋರಿಸಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ನಿಮ್ಮ ಕಚೇರಿಯವರೂ ಕೇಳಿದರು. ಬರೆದೆವು ಸ್ವಾಮಿ. ಮಾತ್ರೆ ಎಲ್ಲಿದೆ, ವಿದ್ಯುತ್ ಬಿಲ್ಲು ಕಟ್ಟಿದೆಯಾ, ಇಂಥವನ್ನು ಬರೆಯಬಹುದು. ಆದರೆ ಕಿಟಕಿಯ ಹೊರಗೆ ಹಕ್ಕಿಯೊಂದು ಬಂದು ಕೂತರೆ ‘ಅಲ್ಲಿ ನೋಡು’ ಎಂದು ಬರೆಯುವಷ್ಟರಲ್ಲಿ ಹಕ್ಕಿ ಹೋಗಿರುತ್ತದೆ. ಜಗಳವನ್ನಂತೂ ಬರೆಯಲಾಗುವುದೇ ಇಲ್ಲ. ಅವನು ಒದ್ದೆ ಬೂಟು ಹಾಕಿಕೊಂಡು ಅಡುಗೆಮನೆಗೆ ಬಂದರೆ, ಪೆನ್ನು ಹುಡುಕಿ, ಕನ್ನಡಕ ಹಾಕಿ, ‘ಕತ್ತೆ’ ಎಂದು ಬರೆದು ತೋರಿಸುವಷ್ಟರಲ್ಲಿ ನನ್ನ ಕೋಪವೇ ತಣ್ಣಗಾಗಿರುತ್ತಿತ್ತು. ಕೋಪವಿಲ್ಲದ ಮನೆ ನೆಮ್ಮದಿಯ ಮನೆ ಎಂದು ಯಾರಾದರೂ ಅಂದುಕೊಂಡಿದ್ದರೆ ಅಂಥವರು ಮದುವೆಯಾಗಿಲ್ಲ. ಒಂದು ಸಂಜೆ ಅವನು ಚೀಟಿಗಳನ್ನು ಪಕ್ಕಕ್ಕೆ ಸರಿಸಿ ಹೇಳಿದ, “ಬೇಡ ಬಿಡು. ನಿನ್ನ ಅಕ್ಷರದಲ್ಲಿ ನೀನಿಲ್ಲ.” ಆಮೇಲೆ ಟಿವಿಯ ಮುಂದೆ ಹೋಗಿ ಕೂತ. ಟಿವಿ ಆರಿತ್ತು.

ಅಂಥ ದಿನಗಳಲ್ಲೇ ನೀವು ಸಾರ್ವಜನಿಕ ಅಹವಾಲು ಸಭೆ ಕರೆದದ್ದು. ಸ್ಕೂಟರ್ ಕಂಪನಿಯ ಪರವಾನಗಿಯನ್ನು ಮುಂದುವರಿಸಬೇಕೋ ಬೇಡವೋ ಎಂಬುದು ವಿಷಯ. ನಾನು ಹೇಳಬೇಕಾದದ್ದನ್ನು ಬರೆದು ತಂದಿದ್ದೆ. ಬಾಗಿಲಲ್ಲಿದ್ದ ನಿಮ್ಮ ಗುಮಾಸ್ತರು ತಡೆದರು. “ಬರೆದದ್ದನ್ನ ಇಲ್ಲಿ ತಗೊಳ್ಳೋ ಹಾಗಿಲ್ಲ ಮೇಡಂ. ಅದನ್ನ ವೆಬ್‌ಸೈಟಿಗೆ ಹಾಕ್ಬೇಕಿತ್ತು. ಇವತ್ತು ಬಾಯಲ್ಲೇ ಹೇಳ್ಬೇಕು.” ನಾನು ತುಟಿ ಬಿಡಿಸಿ ತಂತಿ ತೋರಿಸಿದೆ. ಅವರು ಸ್ವಲ್ಪ ಹಿಂದಕ್ಕೆ ಸರಿದು, “ಹಾಗಾದ್ರೆ ನಿಮ್ಮ ಪರವಾಗಿ ಯಾರಾದ್ರೂ ಓದ್ಬಹುದು,” ಅಂದರು. ನನ್ನ ಜೊತೆಗಿದ್ದದ್ದು ಥೋರ್ಕಿಲ್. ಓದಿದ್ದು ಅವನೇ.

ನಿಮಗೆ ಅದು ನೆನಪಿರಲೇಬೇಕು. ಹಡಗುಕಟ್ಟೆಯಲ್ಲಿ ಕೂಗಿ ಅಭ್ಯಾಸವಾದ ಗಂಟಲು ಅದು, ಗೋಡೆಯ ಮೇಲಿದ್ದ ಮಾಜಿ ಮೇಯರುಗಳ ಚಿತ್ರಗಳೂ ಬೆಚ್ಚಿದವು. ನನ್ನ ಸಮಯ ಮುಗಿಯಿತೆಂದು ನೀವು ಗಂಟೆ ಬಾರಿಸಿದಿರಿ. ಅವನಿಗೆ ಕೇಳಿಸಲಿಲ್ಲ. ಮತ್ತೆ ಬಾರಿಸಿದಿರಿ. ಅವನು ಪುಟ ತಿರುಗಿಸಿದ. ಎದ್ದು ನಿಂತು ಕೈ ಬೀಸಿದಿರಿ. ಅವನು ತಲೆಯೆತ್ತಿ ನೋಡಿ, ನೀವು ಮೆಚ್ಚಿಕೊಂಡಿದ್ದೀರಿ ಎಂದುಕೊಂಡು ತಾನೂ ಕೈ ಬೀಸಿ, ಇನ್ನಷ್ಟು ಜೋರಾಗಿ ಮುಂದುವರಿಸಿದ. ಸಭೆಯಲ್ಲಿ ನಗು ಎದ್ದಿತು. ಅದು ಅವನ ಮೇಲಿನ ನಗುವಲ್ಲ, ನಿಮಗದು ಗೊತ್ತಾಯಿತು ಎಂದು ನಿಮ್ಮ ಕಿವಿಯ ಬಣ್ಣ ಹೇಳುತ್ತಿತ್ತು. ಆ ದಿನಗಳಲ್ಲಿ ನನಗೆ ಸಿಕ್ಕ ಒಂದೇ ಸುಖ ಅದು. ನಗಲು ಬಾಯಿ ಮಾತ್ರ ಬರಲಿಲ್ಲ.

ಆಮೇಲೆ ನೀವು ಉತ್ತರ ಕೊಟ್ಟಿರಿ. ಮೀಸೆಯ ಹಿಂದಿನಿಂದ, ಮೇಜಿನ ಮೇಲಿನ ಕಾಗದಕ್ಕೆ ಮುಖ ಬಗ್ಗಿಸಿಕೊಂಡು, ಗೊಣಗುವ ದನಿಯಲ್ಲಿ: ‘ನಾಗರಿಕರ ಭಾವನೆಗಳನ್ನು ಗೌರವಿಸುತ್ತೇವೆ. ಆದರೆ ಒಂದೆರಡು ವೈಯಕ್ತಿಕ ಪ್ರಕರಣಗಳ ಮೇಲೆ ನೀತಿ ರೂಪಿಸಲಾಗದು.’ ಥೋರ್ಕಿಲ್‌ಗೆ ನಿಮ್ಮ ತುಟಿ ಕಾಣಲಿಲ್ಲ. ಇಷ್ಟು ವರ್ಷ ಮಾಡಿದಂತೆಯೇ ಅವನು ನನ್ನ ಕಡೆ ತಿರುಗಿ, ಇಡೀ ಸಭೆಗೆ ಕೇಳುವ ಹಾಗೆ ಕೇಳಿದ: “ಅವ್ನು ಏನಂದ, ರೀಗ್ಮೋರ್?”

ನಾನು ಹೇಳಲಾರದೆ ಹೋದೆ. ಅವನು ನನ್ನ ಬಾಯನ್ನೇ ನೋಡುತ್ತಾ ಕಾಯುತ್ತಿದ್ದ. ಯಾರೂ ನಗಲಿಲ್ಲ. ನೀವು ಮುಂದಿನವರ ಹೆಸರು ಕರೆದಿರಿ.

ಅದಾಗಿ ಕೆಲವು ದಿನಕ್ಕೆ, ನಾನು ಮೊದಲು ಬರೆದಿದ್ದ ದೂರಿಗೆ ನಿಮ್ಮ ಕಚೇರಿಯ ಉತ್ತರ ಬಂತು. ಅದರ ತಿರುಳು ಇಷ್ಟು: ಪರಿಶೀಲಿಸಲಾಗಿ, ಪಾದಚಾರಿಯು ಘಟನೆಯ ಸಮಯದಲ್ಲಿ ತನ್ನ ಮುಂದೆ ನೋಡುತ್ತಿರಲಿಲ್ಲವೆಂಬುದು ಆಕೆಯ ಹೇಳಿಕೆಯಿಂದಲೇ ತಿಳಿದುಬರುತ್ತದೆ; ಆದ್ದರಿಂದ ನಗರಸಭೆ ಹೊಣೆಯಲ್ಲ. ಆಹಾ! ಹೆಂಡತಿ ಗಂಡನ ಮುಖ ನೋಡಿಕೊಂಡು ನಡೆದದ್ದು ಅಪರಾಧ; ದಾರಿಯ ನಡುವೆ ಕಬ್ಬಿಣ ಬಿಸಾಡಿ ಹೋದದ್ದು ಸಂಚಾರ ನೀತಿ. ಅದು ಸಾಲದೆಂಬಂತೆ ‘ಮುಂದೆ ನೋಡಿ ನಡೆಯಿರಿ’ ಎಂಬ ಅಭಿಯಾನ ಶುರುಮಾಡಿದಿರಿ. ನಗುಮುಖದ ಭಿತ್ತಿಚಿತ್ರಗಳು, ಅವುಗಳಿಗೆ ಮೂರು ಕಾಲಿನ ಚೌಕಟ್ಟುಗಳು. ಆ ಚೌಕಟ್ಟುಗಳನ್ನು ಎಲ್ಲಿ ನಿಲ್ಲಿಸಿದ್ದೀರಿ, ಹೇಳಲೇ? ಫುಟ್‌ಪಾತಿನ ನಟ್ಟನಡುವೆ. ನಮ್ಮ ಬೀದಿಯ ಅಂಚೆಯಾತ ಕಳೆದ ವಾರ ಅದಕ್ಕೇ ಎಡವಿದ. ಅವನ ಮೂಗನ್ನು ಮುಂದಿನ ವರ್ಷದ ವರದಿಯಲ್ಲಿ ಯಾವ ಸಾಲಿಗೆ ಸೇರಿಸುತ್ತೀರಿ? ಸಭ್ಯತೆಯ ಸಾಲಿಗೋ, ಜಾಗೃತಿಯ ಸಾಲಿಗೋ?

ತಂತಿ ಬಿಚ್ಚಿದ ದಿನ ಮನೆಗೆ ಬಂದು ಕುರ್ಚಿ ಎಳೆದು ಥೋರ್ಕಿಲ್‌ನ ಎದುರಿಗೆ ಕೂತೆ. ಏನು ಹೇಳಬೇಕೆಂದು ವಾರಗಟ್ಟಲೆ ಯೋಚಿಸಿಟ್ಟಿದ್ದೆ. ಹೇಳಿದೆ. ಅವನು ಕಣ್ಣು ಕಿರಿದು ಮಾಡಿ ನೋಡಿದ. ಮತ್ತೆ ಹೇಳಿದೆ. ಅವನು ಮೆಲ್ಲಗೆ ತಲೆಯಲ್ಲಾಡಿಸಿದ. ದವಡೆ ಕೂಡಿತ್ತು, ಆದರೆ ಕೆಳತುಟಿಯ ಬಲಭಾಗವನ್ನು ಎಳೆಯುವ ನರ ಪೆಟ್ಟು ತಿಂದು ಸೋತಿತ್ತು. ನನ್ನ ಅರ್ಧ ಬಾಯಿ ಮಾತಾಡುತ್ತಿತ್ತು, ಉಳಿದರ್ಧ ಸುಮ್ಮನಿತ್ತು. ಕಿವಿ ಇರುವವರಿಗೆ ಅದು ಸ್ವಲ್ಪ ತೊದಲಿನಂತೆ ಕೇಳುತ್ತದೆ, ಅಷ್ಟೆ. ಅವನ ಪಾಲಿಗೆ ಅದು ಗುರುತಿಲ್ಲದ ಬಾಯಿ. ಅವನು ಎದ್ದು ಹೋಗಿ ಅಂಗಳದಲ್ಲಿ ಸೈಕಲ್ಲನ್ನು ಒರೆಸತೊಡಗಿದ. ಅದು ಮೊದಲೇ ಶುಭ್ರವಾಗಿತ್ತು. ನಾನು ಕಿಟಕಿಯಿಂದ ನೋಡುತ್ತಾ ನಿಂತಿದ್ದೆ. ಅಧ್ಯಕ್ಷರೇ, ನಾನು ಸುಲಭಕ್ಕೆ ಅಳುವವಳಲ್ಲ.

ಮರುದಿನದಿಂದ ಕಲಿಯಲು ಕೂತೆವು. ಬೆಳಕು ಚೆನ್ನಾಗಿರುವ ಕಡೆ ಮೇಜು ಎಳೆದುಕೊಂಡು, ದಿನವೂ. ನಾನು “ಬೆಣ್ಣೆ ಕೊಡು,” ಅಂದರೆ ಅವನು, “ಮಣ್ಣು ಯಾಕೆ ನಿಂಗೆ?” ಅಂದ. “ಮಗಳು ಬರ್ತಾಳೆ,” ಅಂದದ್ದಕ್ಕೆ, “ಮೊಲಾನಾ? ಎಲ್ಲಿ?” ಎಂದು ಕಿಟಕಿಯ ಕಡೆ ನೋಡಿದ. ಬೈದೆ. ಬೈಗುಳ ಮಾತ್ರ ಮೊದಲ ದಿನವೇ ತಪ್ಪಿಲ್ಲದೆ ಅರ್ಥವಾಯಿತು.

“ಹೂಂ, ಈಗ ನೀನೇ ಅಂತ ಗೊತ್ತಾಯ್ತು,” ಅಂದ. ಆಮೇಲೆ ಇನ್ನಷ್ಟು ಹತ್ತಿರ ಬಗ್ಗಿ ನೋಡಿ, “ಆದ್ರೂ ಬಾಯಿ ಒಂದ್ ಕಡೆ ಎಳೀತಿದೆ. ಸ್ವೀಡನ್ನಿನವರ ಥರ ಮಾತಾಡ್ತಿದೀಯ.”

“ಇನ್ನೊಂದ್ಸಲ ಹಾಗಂದ್ರೆ ಅಲ್ಲಿಗೇ ಹೊರಟುಹೋಗ್ತೀನಿ.”

“ಹೋಗು. ಅಲ್ಲಿನೋರಿಗೂ ನೀನು ಹೇಳಿದ್ದು ಅರ್ಥ ಆಗಲ್ಲ. ವಾಪಸ್ ಬರ್ತೀಯ.”

ಈಗ ಅವನು ನನ್ನ ಹೊಸ ಬಾಯಿಯನ್ನು ಮುಕ್ಕಾಲು ಪಾಲು ಓದುತ್ತಾನೆ. ಉಳಿದದ್ದನ್ನು ಊಹಿಸಿ, ಊಹೆ ತಪ್ಪಾದರೆ ಬೈಸಿಕೊಳ್ಳುತ್ತಾನೆ. ಮನೆಯೊಳಗೆ ಮಾತು ಮರಳಿದೆ. ಇದಕ್ಕೆ ಕಾರಣ ವೈದ್ಯೆ ಸೋಲ್ವಾಯ್ ಅವರ ಕೈ ಮತ್ತು ನನ್ನ ಗಂಡನ ಹಟ. ದಯವಿಟ್ಟು ಇದನ್ನೂ ನಿಮ್ಮ ಸಾಧನೆಗೆ ಸೇರಿಸಿಕೊಳ್ಳಬೇಡಿ.

ಆದರೆ ಮನೆಯ ಹೊರಗೆ ಬೇರೆಯೇ ಕಥೆ. ನೀವು ಪರವಾನಗಿಯನ್ನು ಮುಂದುವರಿಸಿದಿರಿ, ಸ್ಕೂಟರುಗಳ ಸಂಖ್ಯೆಯನ್ನೂ ಹೆಚ್ಚಿಸಿದಿರಿ. ನಾವೀಗ ಒಬ್ಬರ ಹಿಂದೆ ಒಬ್ಬರು ನಡೆಯುತ್ತೇವೆ. ನಾನು ಮುಂದೆ, ನಿಮ್ಮ ಭಿತ್ತಿಚಿತ್ರದ ಅಪ್ಪಣೆಯಂತೆ ನೆಲ ನೋಡಿಕೊಂಡು. ಅವನು ಹಿಂದೆ, ನನ್ನ ಬೆನ್ನು ನೋಡಿಕೊಂಡು. ಏನಾದರೂ ಹೇಳಬೇಕೆನಿಸಿದರೆ ಇಬ್ಬರೂ ನಿಂತು ಎದುರುಬದುರಾಗಬೇಕು. ಆಗ ಹಿಂದಿನವರು, “ದಾರಿ ಬಿಡಿ ಅಜ್ಜಿ!” ಎಂದು ಗೊಣಗುತ್ತಾರೆ. ಅದಕ್ಕೇ ಈಗ ಹೆಚ್ಚಾಗಿ ಏನನ್ನೂ ಹೇಳುವುದಿಲ್ಲ. ನಿಮ್ಮ ಲೆಕ್ಕದಲ್ಲಿ ನಾವು ಸುರಕ್ಷಿತ ಪಾದಚಾರಿಗಳು. ಯಾರಿಗೂ ಪೆಟ್ಟಾಗಿಲ್ಲ, ಯಾರೂ ಆಸ್ಪತ್ರೆಗೆ ಹೋಗಿಲ್ಲ, ಯಾವ ವರದಿಯಲ್ಲೂ ನಾವಿಲ್ಲ. ಇಬ್ಬರು ಮುದುಕರು ಬೇಕರಿಯವರೆಗೂ ಮಾತಿಲ್ಲದೆ ಹೋಗಿ ಬಂದರು ಎಂಬುದನ್ನು ಬರೆದುಕೊಳ್ಳುವ ಆಸ್ಪತ್ರೆ ಎಲ್ಲಿದೆ?

ನನಗೆ ಪರಿಹಾರ ಬೇಡ. ವಿಷಾದದ ಪತ್ರ, ಹೂಗುಚ್ಛ, ಕಾಫಿ ಯಾವುದೂ ಬೇಡ. ಆ ಸ್ಕೂಟರುಗಳನ್ನು ಫುಟ್‌ಪಾತಿನಿಂದ ಕೆಳಗಿಳಿಸಿ. ಅವುಗಳನ್ನು ನಿಲ್ಲಿಸಲು ಜಾಗ ಬೇಕಿದ್ದರೆ ಕಾರುಗಳ ಜಾಗದಿಂದ ಕಿತ್ತುಕೊಡಿ. ನಗರಸಭೆಯ ಮುಂದೆ ನಿಮ್ಮ ಕಾರಿಗೆಂದೇ ನಿಮ್ಮ ಹೆಸರು ಬರೆದು ನೆಟ್ಟ ಕಂಬದ ಪಕ್ಕದಿಂದಲೇ ಶುರುಮಾಡಬಹುದು. ಮಾಯ್ಕೆನ್‌ಳಂಥವರಿಗೆ ಅವರ ಬಸ್ಸನ್ನು ವಾಪಸ್ ಕೊಡಿ. ಮತ್ತು ನಮ್ಮ ಮನೆಯಿಂದ ಬೇಕರಿಯವರೆಗೆ, ಹೆಂಗಸೊಬ್ಬಳು ತನ್ನ ಗಂಡನ ಕಡೆಗೆ ಮುಖ ತಿರುಗಿಸಿಕೊಂಡು, ಎದುರು ಮನೆಯ ಪರದೆಯ ಬಗ್ಗೆ ಶುರುಮಾಡಿದ ಮಾತನ್ನು ಮುಗಿಸುವವರೆಗೆ ಬೀಳದೆ ನಡೆಯಬಹುದಾದ ದಾರಿಯನ್ನು ಕೊಡಿ. ಅಷ್ಟೇನೂ ದೊಡ್ಡದಲ್ಲದ ಊರಿನಲ್ಲಿ ಇದು ಅಷ್ಟೊಂದು ದೊಡ್ಡ ಬೇಡಿಕೆಯೇ?

ಇಂತಿ,
ಮುಂದೆ ನೋಡಿ ನಡೆಯುವುದನ್ನು ಈ ವಯಸ್ಸಿನಲ್ಲಿ ಕಲಿಯಬೇಕಾಗಿ ಬಂದು, ಇನ್ನೂ ಒಗ್ಗದಿರುವ
ರೀಗ್ಮೋರ್ ಕ್ರಾಗ್
(ನಿವೃತ್ತ ಪ್ರಕಟಣೆಗಾರ್ತಿ, ಸದ್ಯ ಅರ್ಧ ಬಾಯಿಯವಳು)